ಅರವತ್ತೊಂದನೇ ಮಗು: ಊರಿನ ಸರ್ಕಾರಿ ಶಾಲೆನ ಅಳೆಯೋದು ಹೇಗೆ?

ಹೋದ ವರ್ಷ ಇದೇ ಟೈಮಲ್ಲಿ ನಮ್ಮನೇಲಿ ಒಂದೇ ಚರ್ಚೆ, ಮಗಳನ್ನ ಒಂದನೇ ಕ್ಲಾಸಿಗೆ ಎಲ್ಲಿ ಹಾಕೋದು ಅಂತ. ಮನೆಯಿಂದ ಮುನ್ನೂರು ಹೆಜ್ಜೆಗೆ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಇದೆ, ನಾನೂ ಅಲ್ಲೇ ಓದಿದ್ದು, ಆಗ ಹೆಂಚಿನ ಮಾಡು ಇತ್ತು ಈಗ ಆರ್‌ಸಿಸಿ ಬಂದಿದೆ ಅಷ್ಟೆ. ಒಂಬತ್ತು ಕಿಲೋಮೀಟರ್ ಆಚೆ ತಾಲ್ಲೂಕು ಕೇಂದ್ರದಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆಗಳು ಸಾಲಾಗಿವೆ, ಅವುಗಳ ಹಳದಿ ವ್ಯಾನು ಬೆಳಗ್ಗೆ ಏಳು ಮುಕ್ಕಾಲಿಗೆ ನಮ್ಮ ಬೀದಿಗೇ ಬರತ್ತೆ. ಯಾರನ್ನ ಕೇಳಿದ್ರೂ ಉತ್ತರ ಬಾಯಲ್ಲೇ ಇತ್ತು. "ಗೌರ್ಮೆಂಟ್ ಸ್ಕೂಲಲ್ಲಿ ಏನ್ ಹೇಳ್ಕೊಡ್ತಾರೆ ಮಣ್ಣು" ಅಂತ ಒಬ್ರು, "ನಾವೆಲ್ಲ ಅಲ್ಲೇ ಓದಿ ಉದ್ಧಾರ ಆಗ್ಲಿಲ್ವಾ" ಅಂತ ಇನ್ನೊಬ್ರು. ತಮಾಷೆ ಏನಂದ್ರೆ ಈ ಇಬ್ರಲ್ಲಿ ಒಬ್ರೂ ಕಳೆದ ಇಪ್ಪತ್ತು ವರ್ಷದಲ್ಲಿ ಆ ಶಾಲೆ ಒಳಗೆ ಕಾಲಿಟ್ಟಿಲ್ಲ. ಓಟು ಹಾಕೋಕೆ ಹೋಗಿರ್ತಾರೆ, ಅದು ಲೆಕ್ಕಕ್ಕಿಲ್ಲ.

ಹಾಗಾಗಿ ನಾನೇ ಒಂದೆರಡು ತಿಂಗಳು ಇದರ ಹಿಂದೆ ಬಿದ್ದೆ. ಕೊನೆಗೆ ಗೊತ್ತಾಗಿದ್ದು, ನಾವು ಪೋಷಕರು ಅಳೆಯೋ ವಸ್ತುಗಳೇ ಬೇರೆ, ಶಾಲೆ ಒಳಗೆ ಮಗುವಿನ ಕಲಿಕೆ ನಿರ್ಧಾರ ಆಗೋ ವಸ್ತುಗಳೇ ಬೇರೆ. ನಾವು ಕಟ್ಟಡ, ಟೈ, ಶೂ, ಮೀಡಿಯಂ, ಸ್ಮಾರ್ಟ್ ಬೋರ್ಡು ನೋಡ್ತೀವಿ. ಒಳಗಡೆ ನಡೆಯೋ ಲೆಕ್ಕ ಒಂದೇ: ಎಷ್ಟು ಕ್ಲಾಸಿಗೆ ಎಷ್ಟು ಜನ ಟೀಚರು, ಅವ್ರು ಎಷ್ಟು ದಿನ ನಿಜವಾಗ್ಲೂ ಮಕ್ಕಳ ಮುಂದೆ ಇರ್ತಾರೆ. ಇನ್ನೊಂದು ಸಂಗತಿ ಇದೆ, ಅದನ್ನ ಅರ್ಥ ಮಾಡ್ಕೊಳ್ಳೋಕೆ ನಂಗೆ ಸ್ವಲ್ಪ ಟೈಮ್ ಬೇಕಾಯ್ತು. ನಾವು ದೂರ ನಿಂತು ಆ ಶಾಲೆನ ತೂಗ್ತಾ ಇರೋವಾಗ ನಮ್ಮ ಮಗುವೂ ಅದೇ ತಕ್ಕಡಿಯಲ್ಲಿ ಕೂತಿರತ್ತೆ.

ಬಿಡಿಸಿ ಹೇಳ್ತೀನಿ. ಶಿಕ್ಷಣ ಹಕ್ಕು ಕಾಯ್ದೆ, ಅದೇ 2009ರಲ್ಲಿ ಪಾಸಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆರ್‌ಟಿಇ, ಅದರ ಕೊನೇಲಿ ಒಂದು ಪಟ್ಟಿ ಇದೆ. ಒಂದರಿಂದ ಐದನೇ ಕ್ಲಾಸಿನವರೆಗೆ 60 ಮಕ್ಕಳ ತನಕ 2 ಟೀಚರು, 61ರಿಂದ 90ರ ತನಕ 3, 91ರಿಂದ 120ರ ತನಕ 4. ಕೇಳೋಕೆ ಚೆನ್ನಾಗಿದೆ, ಮೂವತ್ತು ಮಕ್ಕಳಿಗೆ ಒಬ್ರು ಅಂದ್ರೆ ಪೇಟೆ ಶಾಲೆಗಳ ಐವತ್ತು ಅರವತ್ತು ಮಕ್ಕಳ ಸೆಕ್ಷನ್‌ಗಿಂತ ಎಷ್ಟೋ ವಾಸಿ. ಆದ್ರೆ ಈ ಲೆಕ್ಕ ತಲೆ ಎಣಿಸತ್ತೆ, ಕ್ಲಾಸ್ ಎಣಿಸಲ್ಲ. ಶಾಲೇಲಿ ನಲವತ್ತೇ ಮಕ್ಕಳಿದ್ರೂ ಕ್ಲಾಸು ಐದೇ. ಐದು ಕ್ಲಾಸು, ಪ್ರತಿ ಕ್ಲಾಸಿಗೂ ಕನ್ನಡ, ಇಂಗ್ಲಿಷು, ಗಣಿತ, ಪರಿಸರ ಅಧ್ಯಯನ, ಇಷ್ಟನ್ನೂ ಇಬ್ಬರು ಎಳೀಬೇಕು. ಕಾಗದದಲ್ಲಿ ಒಬ್ಬ ಟೀಚರಿಗೆ ಇಪ್ಪತ್ತೇ ಮಕ್ಕಳು. ನಿಜದಲ್ಲಿ ಒಬ್ರೇ ಟೀಚರು ಏಕಕಾಲಕ್ಕೆ ಎರಡು ಮೂರು ಕ್ಲಾಸು ನೋಡ್ಕೊತಿರ್ತಾರೆ.

ಈಗ 60 ಮತ್ತೆ 61 ನೋಡಿ. ಒಂದೇ ಒಂದು ಮಗುವಿನ ಫರಕು, ಒಬ್ಬ ಟೀಚರಿನ ಫರಕು. ನಮ್ಮೂರ ಶಾಲೇಲಿ ಕೆಲವು ವರ್ಷದ ಹಿಂದೆ 66 ಮಕ್ಕಳಿದ್ರಂತೆ, ಮೂರು ಜನ ಟೀಚರು. ಮಧ್ಯದಲ್ಲಿ ಎಂಟು ಹತ್ತು ಮನೆಯವರು ವ್ಯಾನ್ ಹತ್ತಿಸಿದ್ರು, ಸಂಖ್ಯೆ ಅರವತ್ತರ ಕೆಳಗೆ ಬಂತು, ಇಲಾಖೆ ಲೆಕ್ಕದಲ್ಲಿ ಮೂರನೆಯವರು "ಹೆಚ್ಚುವರಿ" ಆದ್ರು, ಮರುಹೊಂದಾಣಿಕೆಯಲ್ಲಿ ಬೇರೆ ಊರಿಗೆ ಹೋದ್ರು. ಆಮೇಲೆ ಉಳಿದ ಪೋಷಕರು ನೋಡಿದ್ರೆ ಐದು ಕ್ಲಾಸಿಗೆ ಇಬ್ರೇ ಟೀಚರು. "ನೋಡ್ದ್ರಾ ಹೇಳಿರ್ಲಿಲ್ವಾ" ಅಂತ ಮತ್ತೆ ನಾಲ್ಕು ಮಕ್ಕಳು ಹೋದ್ರು. ಯಾರನ್ನ ಬೈಯೋದು ಇದರಲ್ಲಿ? ಹೋದವರದ್ದು ತಪ್ಪು ಅನ್ನೋಕಾಗಲ್ಲ, ಅವರ ಮಗು ಅವರಿಗೆ ಮುಖ್ಯ. ಟೀಚರ್‌ನ ಕಳಿಸಿದವರು ರೂಲ್ಸ್ ಪ್ರಕಾರಾನೇ ಕಳಿಸಿದ್ದು, ಅಲ್ಲೆಲ್ಲೋ ಇನ್ನೊಂದು ಊರಲ್ಲಿ ಟೀಚರೇ ಇಲ್ದೆ ಮಕ್ಕಳು ಕೂತಿದ್ರು. ಯಾದಗಿರಿ, ರಾಯಚೂರು ಕಡೆ ಖಾಲಿ ಹುದ್ದೆ ಸಮಸ್ಯೆ ಹೇಗಿದೆ ಅಂತ ಪೇಪರ್ ಓದೋರಿಗೆಲ್ಲ ಗೊತ್ತು. ಎಲ್ರೂ ಸರಿಯಾಗೇ ನಡ್ಕೊಂಡು ಶಾಲೆ ಮಾತ್ರ ಸೊರಗಿತು.

ಇದಕ್ಕೇ ನಾನು ಹೇಳೋದು, ಶಾಲೆ ನೋಡೋಕೆ ಹೋದಾಗ ಮೊದಲು ಕೇಳ್ಬೇಕಾದ್ದು ಈ ವರ್ಷದ ಸಂಖ್ಯೆ ಒಂದೇ ಅಲ್ಲ, ಮೂರು ನಾಲ್ಕು ವರ್ಷದ್ದು. 75, 72, 74 ಅಂತ ನಿಂತಿರೋ ಶಾಲೆ ಬೇರೆ, 90, 78, 64 ಅಂತ ಜಾರ್ತಿರೋ ಶಾಲೆ ಬೇರೆ, ಇವತ್ತು ಎರಡರಲ್ಲೂ ಮೂರೇ ಜನ ಟೀಚರು ಇರಬಹುದು. ಇದನ್ನ ಯಾರ ಬಾಯಿಂದಾನೂ ಬಿಡಿಸ್ಬೇಕಿಲ್ಲ. ದೇಶದ ಪ್ರತಿ ಶಾಲೆಗೂ ಯುಡೈಸ್ ಅಂತ 11 ಅಂಕಿಯ ಕೋಡ್ ಇದೆ, ನಮ್ಮ ರಾಜ್ಯದ್ದು 29ರಿಂದ ಶುರುವಾಗತ್ತೆ, ಆನ್‌ಲೈನಲ್ಲಿ ಹಾಕಿದ್ರೆ ಮಕ್ಕಳೆಷ್ಟು, ಟೀಚರೆಷ್ಟು, ಕೊಠಡಿ ಎಷ್ಟು, ಶೌಚಾಲಯ ಇದೆಯಾ ಎಲ್ಲ ಬರತ್ತೆ. ಖಾಸಗಿ ಶಾಲೇದೂ ಬರತ್ತೆ ಅನ್ನೋದನ್ನ ಮರೀಬೇಡಿ. ಫೀಸ್ ಕಟ್ಟೋಕೆ ಮುಂಚೆ ಅದನ್ನ ಯಾರೂ ನೋಡಲ್ಲ, ನಾನೂ ಎಲ್‌ಕೆಜಿಗೆ ಹಾಕೋವಾಗ ನೋಡಿರ್ಲಿಲ್ಲ.

ಎಲ್‌ಕೆಜಿ ಅಂದ ತಕ್ಷಣ ಇನ್ನೊಂದು ಹೇಳ್ಬೇಕು. ಸರ್ಕಾರಿ ಶಾಲೆ ಗೇಟು ಹೆಚ್ಚಿನ ಕಡೆ ತೆರೆಯೋದೇ ಒಂದನೇ ಕ್ಲಾಸಿಗೆ. ಜೂನ್ 1ಕ್ಕೆ ಆರು ವರ್ಷ ತುಂಬಿರ್ಬೇಕು ಅನ್ನೋ ನಿಯಮ ಬೇರೆ, 2025ರಲ್ಲಿ ಗಲಾಟೆ ಆಗಿ ಆ ಒಂದು ವರ್ಷಕ್ಕೆ ಅಂತ 5 ವರ್ಷ 5 ತಿಂಗಳಿಗೆ ಇಳಿಸಿದ್ರು. ಖಾಸಗಿ ಶಾಲೆ ಮಗುವನ್ನ ಹಿಡಿಯೋದು ಮೂರೂವರೆಗೆ. ಅಂಗನವಾಡಿ ಇದೆ ನಿಜ, ಆದ್ರೆ ಅಲ್ಲಿ ಅಕ್ಷರ ಕಲಿಸ್ತಾರೆ ಅನ್ನೋ ನಂಬಿಕೆ ನಮ್ಮ ಜನಕ್ಕಿಲ್ಲ, ಆ ಟೀಚರ್‌ಗೆ ಪೌಷ್ಟಿಕ ಆಹಾರದ ಲೆಕ್ಕ, ಗರ್ಭಿಣಿಯರ ಪಟ್ಟಿ, ಸರ್ವೆ ಅಂತ ನೂರೆಂಟು ಕೆಲಸ. ಹಾಗಾಗಿ ಮಗು ಒಂದನೇ ಕ್ಲಾಸಿನ ವಯಸ್ಸಿಗೆ ಬರೋ ಹೊತ್ತಿಗೆ ಎರಡು ಮೂರು ವರ್ಷ ವ್ಯಾನಲ್ಲಿ ಓಡಾಡಿ ಆಗಿರತ್ತೆ, ಫ್ರೆಂಡ್ಸ್ ಆಗಿರ್ತಾರೆ, ಕಟ್ಟಿದ ದುಡ್ಡು ಕಣ್ಮುಂದೆ ಇರತ್ತೆ. ಅಲ್ಲಿಂದ ಬಿಡಿಸಿ ಸರ್ಕಾರಿ ಶಾಲೆಗೆ ತರೋದು ಅಂದ್ರೆ ನೆಂಟರಿಷ್ಟರ ಮುಂದೆ "ಏನಾಯ್ತು, ಕಷ್ಟನಾ" ಅನ್ನೋ ಪ್ರಶ್ನೆಗೆ ಉತ್ತರ ಕೊಡೋದು. ನಾವು ಕೊಟ್ವಿ. ನಮ್ಮತ್ತೆಗೆ ಇವತ್ತಿಗೂ ಸಮಾಧಾನ ಇಲ್ಲ. ಸರ್ಕಾರಕ್ಕೂ ಇದು ಅರ್ಥ ಆಗಿದೆ, ಅದಕ್ಕೇ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ, ಬೇರೆ ಕೆಲವು ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ಯುಕೆಜಿ ಶುರು ಮಾಡಿರೋದು, ಅದಕ್ಕೇ ಅಂಗನವಾಡಿ ಕಾರ್ಯಕರ್ತೆಯರು ನಮ್ಮ ಮಕ್ಕಳನ್ನ ಕಿತ್ಕೊತಿದ್ದೀರಿ ಅಂತ ಬೀದಿಗಿಳಿದಿದ್ದು. ಅವರ ಮಾತಲ್ಲೂ ನ್ಯಾಯ ಇದೆ.

ಮೊದಲು ಬಡವರಿಗೆ ಮಧ್ಯದ ದಾರಿ ಒಂದಿತ್ತು. ಖಾಸಗಿ ಶಾಲೇಲಿ ಶೇ 25 ಸೀಟು ಆರ್‌ಟಿಇ ಅಡಿ ಫ್ರೀ, ನಮ್ಮಲ್ಲಿ 2012ರಿಂದ ಕೊಡ್ತಿದ್ರು. 2019ರ ಶುರುವಿನಲ್ಲಿ ನಿಯಮ ಬದಲಾಯಿಸಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಖಾಸಗಿಯಲ್ಲಿ ಸೀಟಿಲ್ಲ ಅಂದ್ರು. ಸರ್ಕಾರಿ ಶಾಲೆ ಇಲ್ಲದ ಊರು ಕಮ್ಮಿ, ಹಾಗಾಗಿ ಆ ಬಾಗಿಲು ಬಹುತೇಕ ಮುಚ್ಚಿತು. ಹೋಗೋ ಮಕ್ಕಳು ನಿಂತ್ರಾ? ಇಲ್ಲ, ಸಾಲ ಮಾಡಿ ಹೋದ್ರು.

ಖಾಸಗಿ ಶಾಲೆ ಮಕ್ಕಳು ಜಾಸ್ತಿ ಕಲೀತಾರಾ ಅನ್ನೋ ಪ್ರಶ್ನೆಗೆ ಬರ್ತೀನಿ, ಯಾಕಂದ್ರೆ ಎಲ್ಲ ವಾದ ಕೊನೆಗೆ ಬಂದು ನಿಲ್ಲೋದು ಇಲ್ಲೇ. ಎರಡೂ ಶಾಲೆ ಮಕ್ಕಳನ್ನ ಸುಮ್ನೆ ಹೋಲಿಸಿದ್ರೆ ಖಾಸಗಿಯವರೇ ಮುಂದೆ ಕಾಣ್ತಾರೆ. ಆದ್ರೆ ಅಲ್ಲಿ ಹೋಗೋ ಮಕ್ಕಳ ಅಪ್ಪ ಅಮ್ಮ ಸ್ವಲ್ಪ ಓದಿರ್ತಾರೆ, ಮನೇಲಿ ಟ್ಯೂಷನ್ ಇರತ್ತೆ, ಸಂಜೆ ಮಗುವಿನ ಪಕ್ಕ ಕೂರೋಕೆ ಒಬ್ರು ಇರ್ತಾರೆ. ಆ ಮಗುವನ್ನ ಎಲ್ಲಿಗೆ ಹಾಕಿದ್ರೂ ಓದತ್ತೆ. ಶಾಲೆ ಕೊಟ್ಟಿದ್ದೆಷ್ಟು ಮನೆ ಕೊಟ್ಟಿದ್ದೆಷ್ಟು ಅಂತ ಬೇರ್ಪಡಿಸೋದು ಹೇಗೆ? ಪಕ್ಕದ ಆಂಧ್ರದ ಹಳ್ಳಿಗಳಲ್ಲಿ 2008ರಿಂದ ನಾಲ್ಕು ವರ್ಷ ಇದನ್ನೇ ಮಾಡಿ ನೋಡಿದ್ರು, ಕಾರ್ತಿಕ್ ಮುರಳೀಧರನ್ ಮತ್ತೆ ವೆಂಕಟೇಶ್ ಸುಂದರರಾಮನ್ ಅನ್ನೋ ಅರ್ಥಶಾಸ್ತ್ರಜ್ಞರು. ಸರ್ಕಾರಿ ಶಾಲೆ ಮಕ್ಕಳಲ್ಲಿ ಅರ್ಜಿ ಹಾಕಿದವರ ಹೆಸರು ಲಾಟರಿ ಎತ್ತಿ, ಗೆದ್ದವರಿಗೆ ಖಾಸಗಿ ಶಾಲೆ ಫೀಸ್ ಕಟ್ಟಿ ಕಳಿಸಿದ್ರು. ಗೆದ್ದವರೂ ಸೋತವರೂ ಒಂದೇ ಥರದ ಮನೆಯವರು, ಅದೃಷ್ಟ ಮಾತ್ರ ಬೇರೆ. ನಾಲ್ಕು ವರ್ಷ ಆದ್ಮೇಲೆ ನೋಡಿದ್ರೆ ತೆಲುಗು ಮತ್ತು ಗಣಿತದಲ್ಲಿ ಇಬ್ಬರೂ ಹೆಚ್ಚು ಕಮ್ಮಿ ಒಂದೇ. ಖಾಸಗಿಯವರು ಹಿಂದಿಯಲ್ಲಿ ಚೆನ್ನಾಗಿ ಮುಂದಿದ್ರು, ಯಾಕಂದ್ರೆ ಸರ್ಕಾರಿ ಶಾಲೇಲಿ ಆ ವಯಸ್ಸಿಗೆ ಹಿಂದಿ ಹೇಳಿಕೊಡೋದೇ ಅಪರೂಪ ಇತ್ತು.

ಇದನ್ನ ಸರ್ಕಾರಿ ಶಾಲೆ ಅಭಿಮಾನಿಗಳು ಗೆಲುವು ಅಂತ ಹಂಚ್ಕೊಂಡಿದ್ದನ್ನ ನೋಡಿದ್ದೀನಿ, ಅರ್ಧ ಓದಿ. ಅದೇ ಅಧ್ಯಯನದ ಇನ್ನರ್ಧ ಏನಂದ್ರೆ ಖಾಸಗಿ ಶಾಲೆಗಳು ತೆಲುಗು ಗಣಿತಕ್ಕೆ ಕಮ್ಮಿ ಟೈಮ್ ಕೊಟ್ಟೂ ಅಷ್ಟೇ ಫಲ ತೆಗೆದ್ವು, ಅದೂ ಸರ್ಕಾರಿ ಶಾಲೆ ಒಂದು ಮಗುಗೆ ಮಾಡೋ ಖರ್ಚಿನ ಮೂರನೇ ಒಂದು ಭಾಗಕ್ಕಿಂತ ಕಮ್ಮಿ ದುಡ್ಡಲ್ಲಿ. ಎರಡೂ ಮಾತು ಒಟ್ಟಿಗೆ ಇಟ್ಕೊಳ್ಳೋದು ಕಷ್ಟ, ಆದ್ರೆ ಪೋಷಕರಾಗಿ ನಂಗೆ ಬೇಕಾಗಿದ್ದು ಮೊದಲನೇದು. ನಾನು ಕಟ್ಟೋ ಫೀಸಿಂದ ಓದು ಮತ್ತು ಲೆಕ್ಕ ತಾನಾಗೇ ಜಾಸ್ತಿ ಬರತ್ತೆ ಅನ್ನೋದು ಅಷ್ಟು ಗಟ್ಟಿ ಮಾತಲ್ಲ.

ಹಾಗಾದ್ರೆ ನಮ್ಮೂರ ಶಾಲೆ ಕಲಿಸತ್ತಾ ಇಲ್ವಾ ಅಂತ ತಿಳ್ಕೊಳ್ಳೋದು ಹೇಗೆ. ಎಸ್ಸೆಸ್ಸೆಲ್ಸಿಗೆ ರಿಸಲ್ಟ್ ಇದೆ, ಪ್ರೈಮರಿಗೆ ಹೊರಗಿನವರು ಅಳೆದು ಕೊಟ್ಟ ಅಂಕಿ ಯಾವುದೂ ಇಲ್ಲ. ಐದು, ಎಂಟು, ಒಂಬತ್ತಕ್ಕೆ ಬೋರ್ಡ್ ಪರೀಕ್ಷೆ ಅಂತ 2024ರಲ್ಲಿ ಮಾಡೋಕೆ ಹೋಗಿ ಹೈಕೋರ್ಟಲ್ಲಿ ಒಮ್ಮೆ ಬೇಡ ಒಮ್ಮೆ ಬೇಕು ಆಗಿ, ಮಕ್ಕಳು ಬರೆದೂ ಆಗಿ, ಕೊನೆಗೆ ಏಪ್ರಿಲಲ್ಲಿ ಸುಪ್ರೀಂ ಕೋರ್ಟು ಫಲಿತಾಂಶಕ್ಕೆ ತಡೆ ಕೊಡ್ತು. ಹಾಗಾಗಿ ಪೋಷಕರಿಗೆ ಸಿಗೋದು ಶಾಲೆಯವರೇ ಬರೆದು ಕೊಡೋ ಎ ಪ್ಲಸ್ಸು, ಎರಡೂ ಕಡೆ. ಖಾಸಗಿಯಲ್ಲಂತೂ ಎಲ್ರಿಗೂ ಎ ಪ್ಲಸ್ಸೇ, ದುಡ್ಡು ಕಟ್ಟಿದವರಿಗೆ ಬಿ ಕೊಟ್ರೆ ನಡೆಯತ್ತಾ.

ನನ್ನ ಪ್ರಕಾರ ಒಂದೇ ಒಂದು ಪರೀಕ್ಷೆ ಸಾಕು, ಅದಕ್ಕೆ ಹತ್ತು ನಿಮಿಷ ಬೇಕು. ಆ ಶಾಲೇಲಿ ಮೂರನೇ ಕ್ಲಾಸ್ ಮುಗಿಸ್ತಿರೋ ಮಗು ಕೈಗೆ ಎರಡನೇ ಕ್ಲಾಸಿನ ಕನ್ನಡ ಪುಸ್ತಕ ಕೊಡಿ, ಅದು ನೋಡಿರದ ಒಂದು ಪ್ಯಾರಾ ಓದ್ಸಿ. ಆಮೇಲೆ 41ರಲ್ಲಿ 13 ಕಳಿ ಅನ್ನಿ, ದಶಕ ತಗೊಂಡು ಕಳೀಬೇಕಾದ ಲೆಕ್ಕ. ಇದು ನಾನು ಕಂಡುಹಿಡಿದಿದ್ದಲ್ಲ, ಪ್ರಥಮ್ ಸಂಸ್ಥೆಯವರು ವರ್ಷಗಳಿಂದ ದೇಶದ ಹಳ್ಳಿ ಹಳ್ಳಿಗೆ ಹೋಗಿ ಮನೆ ಬಾಗಿಲಲ್ಲೇ ಮಕ್ಕಳನ್ನ ಕೂರಿಸ್ಕೊಂಡು ಹೀಗೇ ಕೇಳ್ತಾರೆ, ಅಸರ್ ವರದಿ ಅಂತ ಬರತ್ತಲ್ಲ ಅದು. 2024ರ ವರದಿ ಪ್ರಕಾರ ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳ ಮೂರನೇ ಕ್ಲಾಸಿನ ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಠ್ಯ ಓದಬಲ್ಲವರು ಶೇ 23.4. ಕೋವಿಡ್ ಆದ್ಮೇಲೆ 2022ರಲ್ಲಿ ಅದು 16.3ಕ್ಕೆ ಬಿದ್ದಿತ್ತು, ಕೋವಿಡ್‌ನಲ್ಲಿ ತಪ್ಪಿಹೋದ ಕಲಿಕೆ ತುಂಬೋಕೇ ನಮ್ಮಲ್ಲಿ ಕಲಿಕಾ ಚೇತರಿಕೆ ಅಂತ ಇಡೀ ವರ್ಷ ಹಿಂದಿನ ಪಾಠ ಮಾಡಿದ್ದು. ಐದನೇ ಕ್ಲಾಸಿನವರಲ್ಲೂ ಓದಬಲ್ಲವರು ಅರ್ಧಕ್ಕಿಂತ ಕಮ್ಮಿ, ಶೇ 44.8. ಇದು ಓದಿ ವ್ಯಾನ್ ಬುಕ್ ಮಾಡೋಕೆ ಹೊರಡೋ ಮುಂಚೆ ಇನ್ನೊಂದು ಕೇಳಿ, ಖಾಸಗಿ ಶಾಲೇಲೂ ಮೂರನೇ ಕ್ಲಾಸಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಓದೋಕೆ ಬರಲ್ಲ ಅಂತ ಅದೇ ವರದಿ ಹೇಳತ್ತೆ.

ಮೂರನೇ ಕ್ಲಾಸೇ ಯಾಕೆ ಅಂದ್ರೆ ಅಲ್ಲಿವರೆಗೆ ಮಗು ಓದೋದನ್ನ ಕಲಿಯತ್ತೆ, ನಾಲ್ಕರಿಂದ ಓದಿ ಓದಿ ಕಲಿಯತ್ತೆ. ಅಷ್ಟರಲ್ಲಿ ಒತ್ತಕ್ಷರ ಕೂಡಿಸಿ ಓದೋಕೆ ಬರದಿದ್ದ ಮಗು ಐದನೇ ಕ್ಲಾಸಿನ ಪರಿಸರ ಅಧ್ಯಯನದ ಮುಂದೆ ಸುಮ್ನೆ ಕೂರತ್ತೆ, ಗಲಾಟೆನೂ ಮಾಡಲ್ಲ, ಬೋರ್ಡ್ ಮೇಲಿಂದ ಚಂದಾಗಿ ಕಾಪಿ ಮಾಡತ್ತೆ, ನೋಟ್ಸ್ ನೋಡಿದ ಅಪ್ಪ ಅಮ್ಮ ಖುಷಿ ಪಡ್ತಾರೆ.

ಇದಕ್ಕೆ ಶಾಲೆ ಒಳಗೆ ಹೋಗಿ ಟೀಚರ್ ಮುಂದೆ ಇನ್ಸ್‌ಪೆಕ್ಟರ್ ಥರ ನಿಲ್ಲೋದೂ ಬೇಡ, ಬೀದೀಲೇ ಮಕ್ಕಳು ಸಿಗ್ತಾರೆ. ನಾನು ಫೆಬ್ರವರಿಯಲ್ಲಿ ನಮ್ಮ ಜಗಲಿ ಮೇಲೆ ಕಡ್ಲೆಮಿಠಾಯಿ ಆಸೆ ತೋರಿಸಿ ಕೂರಿಸ್ಕೊಂಡೆ. ಸರ್ಕಾರಿ ಶಾಲೆಯವರು ಐದು ಜನ, ವ್ಯಾನಿನವರು ನಾಲ್ಕು. ಸರ್ಕಾರಿ ಐವರಲ್ಲಿ ಇಬ್ರು ಸರಾಗ ಓದಿದ್ರು, ಇಬ್ರು ಒಂದೊಂದೇ ಅಕ್ಷರ ಕೂಡಿಸ್ಕೊಂಡು ಓದಿದ್ರು, ಒಬ್ಬನಿಗೆ ಆಗ್ಲಿಲ್ಲ, ಅವನು ವರ್ಷದಲ್ಲಿ ಎರಡು ತಿಂಗಳು ಅಪ್ಪ ಅಮ್ಮನ ಜೊತೆ ಕಾಫಿ ಸೀಮೆಗೆ ಹೋಗಿರ್ತಾನೆ. ವ್ಯಾನಿನ ನಾಲ್ವರು ಇಂಗ್ಲಿಷ್ ಪಾಠ ಗಿಳಿ ಥರ ಒಪ್ಪಿಸಿದ್ರು, ಬೆರಳಿಟ್ಟು ಈ ಪದ ಯಾವುದು ಅಂದ್ರೆ ಇಬ್ರಿಗೆ ಗೊತ್ತಾಗ್ಲಿಲ್ಲ, ಕನ್ನಡ ಪ್ಯಾರಾ ಒಬ್ಬಳು ಮಾತ್ರ ಓದಿದ್ಲು. ಒಂಬತ್ತು ಮಕ್ಕಳಿಂದ ಏನೂ ಸಾಬೀತಾಗಲ್ಲ ಅಂತ ನಂಗೂ ಗೊತ್ತು. ಆದ್ರೆ ನನ್ನ ತಲೇಲಿದ್ದ ಚಿತ್ರ ಅವತ್ತು ಬದಲಾಯ್ತು, ಅದು ನಿಜ.

ಶಾಲೆ ಒಳಗೂ ಹೋದೆ, ಮುಖ್ಯ ಶಿಕ್ಷಕರನ್ನ ಕೇಳಿ ಒಂದು ಬೆಳಗ್ಗೆ ಕೂತೆ. ಒಂದು, ಎರಡು, ಮೂರು ಸೇರಿಸಿ ನಲಿ ಕಲಿ ಕ್ಲಾಸು. ಗೊತ್ತಿಲ್ಲದೋರು ನೋಡಿದ್ರೆ ಪಕ್ಕಾ ಸಂತೆ. ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂತಿರ್ತಾರೆ, ತಲೆ ಮೇಲೆ ಕಲಿಕಾ ಚಪ್ಪರದಲ್ಲಿ ಬಣ್ಣದ ಕಾಗದ ನೇತಾಡ್ತಿರತ್ತೆ, ಒಂದು ಗುಂಪಿನ ಜೊತೆ ಟೀಚರು, ಇನ್ನೊಂದು ಗುಂಪು ತಾವೇ ಕಾರ್ಡ್ ಹಿಡ್ಕೊಂಡು ಏನೋ ಮಾಡ್ತಿರತ್ತೆ. "ಪಾಠಾನೇ ಮಾಡಲ್ಲ, ಆಟ ಆಡಿಸ್ತಾರೆ" ಅನ್ನೋ ಕಂಪ್ಲೇಂಟ್ ಹುಟ್ಟೋದು ಇಲ್ಲೇ. ಇದು ಕಾಟಾಚಾರದ ವ್ಯವಸ್ಥೆ ಅಲ್ಲ ರೀ, 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಲ್ಲಿ, ಆಂಧ್ರದ ರಿಷಿ ವ್ಯಾಲಿ ಪದ್ಧತಿ ನೋಡ್ಕೊಂಡು ಬಂದು ಶುರು ಮಾಡಿದ್ದು, 2009-10ರಲ್ಲಿ ರಾಜ್ಯಕ್ಕೆಲ್ಲ ಹರಡ್ತು. ಒಬ್ರೇ ಟೀಚರು ಮೂರು ಕ್ಲಾಸು ನೋಡ್ಬೇಕು ಅಂದ್ರೆ ಬೋರ್ಡ್ ಮುಂದೆ ನಿಂತು ಎಲ್ರಿಗೂ ಒಂದೇ ಪಾಠ ಮಾಡೋಕಾಗಲ್ಲ, ಹಾಗಾಗಿ ಕಲಿಕಾ ಏಣಿಯ ಮೇಲೆ ಪ್ರತಿ ಮಗು ತನ್ನ ಮೆಟ್ಟಿಲಲ್ಲಿ ಇರತ್ತೆ, ಒಂದು ಮೈಲಿಗಲ್ಲು ದಾಟಿದ್ರೆ ಮುಂದಿನದು. ಚೆನ್ನಾಗಿ ನಡೆಸಿದ್ರೆ ಸೊಗಸಾದ ಪದ್ಧತಿ. ಚೆನ್ನಾಗಿ ನಡೆಸ್ತಿದ್ದಾರಾ ಅಂತ ತಿಳೀಬೇಕಾದ್ರೆ ಟೀಚರ್‌ನ ಒಂದು ಪ್ರಶ್ನೆ ಕೇಳಿ, ಈ ಮಗು ಈಗ ಯಾವ ಮೈಲಿಗಲ್ಲಲ್ಲಿದೆ ಅಂತ. ಪ್ರಗತಿ ನೋಟ ತೆಗೀದೆ ಬಾಯಲ್ಲೇ ಹೇಳಿದ್ರೆ ಆ ಕ್ಲಾಸು ಬದುಕಿದೆ. ನಮ್ಮೂರ ಮೇಡಂ ಮೂರು ಮಕ್ಕಳದ್ದು ಹೇಳಿದ್ರು, ನಾಲ್ಕನೇದಕ್ಕೆ ಪುಸ್ತಕ ತೆಗೆದ್ರು. ನಂಗೆ ಸಾಕಾಯ್ತು.

ಸಾಕಾಗದೇ ಇದ್ದದ್ದು ಇನ್ನೊಂದಿತ್ತು. ನಾನು ಕೂತಿದ್ದ ಮೂರು ಗಂಟೇಲಿ ಇನ್ನೊಬ್ಬ ಟೀಚರು, ಅಂದ್ರೆ ಮುಖ್ಯ ಶಿಕ್ಷಕರ ಜವಾಬ್ದಾರಿನೂ ಇರೋರು, ನಾಲ್ಕು ಐದನೇ ಕ್ಲಾಸಿನ ಕೋಣೇಲಿ ಇದ್ದದ್ದು ಒಂದು ಗಂಟೆ ಇರಬಹುದು. ಮೊಟ್ಟೆ ಎಣಿಸಿ ತಗೋಬೇಕು, ಹಾಲಿನ ಪುಡಿ ಸ್ಟಾಕ್ ಬರೀಬೇಕು, ಸ್ಯಾಟ್ಸ್ ಅನ್ನೋ ಇಲಾಖೆಯ ಆನ್‌ಲೈನ್ ವ್ಯವಸ್ಥೇಲಿ ಹಾಜರಿ ಹಾಕ್ಬೇಕು ಆದ್ರೆ ನೆಟ್‌ವರ್ಕ್ ಇಲ್ಲ, ಸುತ್ತಲಿನ ಶಾಲೆಗಳನ್ನ ನೋಡ್ಕೊಳ್ಳೋ ಸಿಆರ್‌ಪಿ ಫೋನು, ಮಧ್ಯಾಹ್ನ ಬಿಇಒ, ಅಂದ್ರೆ ಕ್ಷೇತ್ರ ಶಿಕ್ಷಣಾಧಿಕಾರಿ ಆಫೀಸಿಗೆ ಓಡ್ಬೇಕು. "ಮೇಷ್ಟ್ರು ಬರೋದೇ ಇಲ್ಲ" ಅಂತ ನಾವು ಬೈಯೋದಕ್ಕೂ ನಿಜಕ್ಕೂ ಎಷ್ಟು ದೂರ ಅಂದ್ರೆ, ಅಜೀಂ ಪ್ರೇಮ್‌ಜಿ ಫೌಂಡೇಶನ್ 2017ರಲ್ಲಿ ಆರು ರಾಜ್ಯಗಳಲ್ಲಿ ನೋಡಿದಾಗ ಶಾಲೇಲಿ ಇರದ ಟೀಚರ್‌ಗಳು ಶೇ 18.5, ಕಾರಣವೇ ಇಲ್ದೆ ಚಕ್ಕರ್ ಹೊಡೆದವರು ಒಟ್ಟು ಟೀಚರ್‌ಗಳಲ್ಲಿ ಶೇ 2.5 ಮಾತ್ರ. ಉಳಿದವರು ರಜೆ, ಟ್ರೇನಿಂಗು, ಇಲಾಖೆ ಕೆಲಸ. ಮಗುವಿನ ಕಣ್ಣಿಗೆ ಎರಡೂ ಒಂದೇ, ಕುರ್ಚಿ ಖಾಲಿ. 2025ರ ಸೆಪ್ಟೆಂಬರ್‌ನಲ್ಲಿ ಜಾತಿ ಸಮೀಕ್ಷೆಗೆ ಟೀಚರ್‌ಗಳನ್ನ ಮನೆ ಮನೆ ಸುತ್ತಿಸಿದ್ದು, ದಸರಾ ರಜೆ ಅಕ್ಟೋಬರ್ 18ರ ತನಕ ಎಳೆದಿದ್ದು ನೆನಪಿದೆಯಲ್ಲ, ಆಗ ವ್ಯಾನು ಮಾಮೂಲಿ ಓಡ್ತಿತ್ತು. ಕಾಯ್ದೆ ಪ್ರಕಾರ ಒಂದರಿಂದ ಐದಕ್ಕೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಆಗ್ಬೇಕು. ಇಬ್ರೇ ಇರೋ ಶಾಲೇಲಿ ಒಬ್ರು ಹೊರಗೆ ಹೋದ ದಿನ ಅದನ್ನ ಪಾಠದ ದಿನ ಅಂತ ಲೆಕ್ಕ ಹಿಡಿಯೋದು ಹೇಗೆ ಅಂತ ನಂಗೆ ಅರ್ಥ ಆಗಲ್ಲ. ಮೂರನೆಯವರು ಇದ್ದಿದ್ರೆ ಈ ಪ್ರಶ್ನೆನೇ ಇರ್ತಿರ್ಲಿಲ್ಲ. ಮತ್ತೆ ಅದೇ 61.

ಶೌಚಾಲಯದ ಬಗ್ಗೆ ನಮ್ಮ ಮನೆಯವಳು ಕೇಳಿದ ಪ್ರಶ್ನೆ ನನಗಿಂತ ಚುರುಕಾಗಿತ್ತು. ಇದೆಯಾ ಅಂತ ಕೇಳ್ಲಿಲ್ಲ, ಯಾರು ತೊಳೀತಾರೆ ಅಂತ ಕೇಳಿದ್ಲು. ಸರ್ಕಾರದ ಸಮಗ್ರ ಶಿಕ್ಷಣ ಯೋಜನೇಲಿ 31ರಿಂದ 100 ಮಕ್ಕಳಿರೋ ಶಾಲೆಗೆ ವರ್ಷದ ಅನುದಾನ 25,000 ರೂಪಾಯಿ, 30 ಅಥವಾ ಅದಕ್ಕಿಂತ ಕಮ್ಮಿ ಇದ್ರೆ 10,000. ಸೀಮೆಸುಣ್ಣ, ಬಲ್ಬು, ರಿಪೇರಿ, ಫಿನಾಯಿಲ್ ಎಲ್ಲ ಅದರಲ್ಲೇ. ಅದರಲ್ಲಿ ಯಾರನ್ನ ಕೆಲಸಕ್ಕಿಡೋದು? ನಮ್ಮಲ್ಲಿ ಎಸ್‌ಡಿಎಂಸಿಯವರು, ಅಂದ್ರೆ ಶಾಲಾಭಿವೃದ್ಧಿ ಸಮಿತಿಯವರು, ಮನೆ ಮನೆಯಿಂದ ಸ್ವಲ್ಪ ದುಡ್ಡು ಹಾಕಿ ಒಬ್ಬರನ್ನ ಇಟ್ಟಿದ್ದಾರೆ. ಇದು ಶಾಲೆಯಿಂದ ಶಾಲೆಗೆ ಬೇರೆ, ಹೋಗಿ ಬಾಗಿಲು ತೆಗೆದೇ ನೋಡ್ಬೇಕು.

ಊಟದ ವಿಷಯ ಬೇಗ ಮುಗಿಸ್ತೀನಿ, ಯಾಕಂದ್ರೆ ಅದು ಚೆನ್ನಾಗಿದೆ. ಬಿಸಿಯೂಟ, 2013ರಿಂದ ಹಾಲು, ಈಗ ಕೆಲವು ದಿನ ರಾಗಿ ಮಾಲ್ಟು, 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಅಥವಾ ಬಾಳೆಹಣ್ಣು. ನನ್ನ ಮಗಳು ಮನೇಲಿ ಸೊಪ್ಪು ಮುಟ್ಟಲ್ಲ, ಅಲ್ಲಿ ತಿಂತಾಳೆ.

ಇಂಗ್ಲಿಷ್ ಮೀಡಿಯಂ ಬಗ್ಗೆ ಮಾತ್ರ ಬೇಗ ಮುಗಿಸೋಕಾಗಲ್ಲ. 1994ರ ಭಾಷಾ ನೀತಿ ಇಟ್ಕೊಂಡು ಸರ್ಕಾರ ಇಪ್ಪತ್ತು ವರ್ಷ ಬಡಿದಾಡಿ, 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದಲ್ಲಿ ಸೋತಿತು, ಪ್ರೈಮರೀಲಿ ಮಾತೃಭಾಷೆ ಮಾಧ್ಯಮ ಕಡ್ಡಾಯ ಮಾಡೋಕಾಗಲ್ಲ ಅಂತ. ಐದು ವರ್ಷಕ್ಕೆ, 2019ರಲ್ಲಿ, ಅದೇ ಸರ್ಕಾರ 1,000 ಸರ್ಕಾರಿ ಶಾಲೇಲಿ ಇಂಗ್ಲಿಷ್ ಮೀಡಿಯಂ ಸೆಕ್ಷನ್ ತೆರೀತು, ಈಗ ದ್ವಿಭಾಷಾ ತರಗತಿಗಳು. ಸಾಹಿತಿಗಳು ಬೈದ್ರು, ಪೋಷಕರು ಕ್ಯೂ ನಿಂತ್ರು. ಎರಡೂ ಕಡೆ ನಂಗೆ ಸಹಾನುಭೂತಿ ಇದೆ, ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋಗಿ ಇಂಟರ್‌ವ್ಯೂನಲ್ಲಿ ಬಾಯಿ ಕಟ್ಟಿ ಕೂತಿದ್ದು ನಾನು ಮರೆತಿಲ್ಲ. ಆದ್ರೆ ನಿಮ್ಮೂರ ಶಾಲೆ ಮುಂದೆ ಇಂಗ್ಲಿಷ್ ಮೀಡಿಯಂ ಅಂತ ಬೋರ್ಡ್ ಬಿದ್ರೆ ಒಂದು ಪ್ರಶ್ನೆ ಕೇಳಿ. ಈ ಬೋರ್ಡ್ ಜೊತೆ ಹೊಸ ಟೀಚರು ಬಂದ್ರಾ, ಇಲ್ಲಾ ಇದ್ದ ಇಬ್ರಿಗೇ ಕೆಲವು ದಿನ ಟ್ರೇನಿಂಗ್ ಕೊಟ್ರಾ? ಎರಡನೇದಾದ್ರೆ ಐದು ಕ್ಲಾಸು ಎಳೀತಿದ್ದವರು ಈಗ ಎರಡು ಭಾಷೇಲೂ ಎಳೀತಾರೆ. ಹಾಗೆ ನೋಡಿದ್ರೆ 2007ರಿಂದಾನೇ ಕನ್ನಡ ಮೀಡಿಯಮ್ಮಲ್ಲೂ ಒಂದನೇ ಕ್ಲಾಸಿಂದ ಇಂಗ್ಲಿಷ್ ಒಂದು ಸಬ್ಜೆಕ್ಟು ಇದೆ. ಅದನ್ನ ಚೆನ್ನಾಗಿ ಹೇಳ್ಕೊಡೋರು ಇದ್ರೆ ಮೀಡಿಯಂ ಜಗಳ ಅರ್ಧ ಇಳೀತಿತ್ತು ಅಂತ ನನ್ನ ಅನಿಸಿಕೆ, ಒಪ್ಪದವರು ಇರ್ತಾರೆ.

ಸಣ್ಣ ಶಾಲೆಗಳ ಈ ಸಂಕಟಕ್ಕೆ ಸರ್ಕಾರದ ಹತ್ರ ಇರೋ ಉತ್ತರ ದೊಡ್ಡ ಶಾಲೆ. ಕರ್ನಾಟಕ ಪಬ್ಲಿಕ್ ಶಾಲೆ ಅಂದ್ರೆ ಎಲ್‌ಕೆಜಿಯಿಂದ ಪಿಯುಸಿ ತನಕ ಒಂದೇ ಕಾಂಪೌಂಡು, ಕ್ಲಾಸಿಗೊಬ್ರು ಟೀಚರು, ಬೇಡಿಕೆನೂ ಜೋರಾಗಿದೆ. ಲೆಕ್ಕದ ಪ್ರಕಾರ ಇದು ಸರಿ, ಹತ್ತು ಹಳ್ಳಿಯ ನಲವತ್ತು ನಲವತ್ತು ಮಕ್ಕಳು ಒಂದು ಕಡೆ ಸೇರಿದ್ರೆ ಯಾರೂ ಮೂರು ಕ್ಲಾಸು ಒಟ್ಟಿಗೆ ಎಳೀಬೇಕಿಲ್ಲ. ಈಗ ಮ್ಯಾಗ್ನೆಟ್ ಶಾಲೆ ಅಂತ ಹೆಸರಿಟ್ಟು ವಿಸ್ತರಿಸ್ತಿರೋದಕ್ಕೆ, ಸುತ್ತಲಿನ ಸಣ್ಣ ಶಾಲೆ ಮುಚ್ತಾರೆ ಅಂತ ಪ್ರತಿಭಟನೆಗಳಾಗಿವೆ, ಮುಚ್ಚಲ್ಲ ಅಂತ ಸರ್ಕಾರ ಹೇಳ್ತಿದೆ. ಆದೇಶ ಹೊರಡಿಸಿ ಮುಚ್ಚೋ ಅವಶ್ಯಕತೆನೇ ಇಲ್ಲ ಅನ್ನೋದು ನನ್ನ ಭಯ, ದೊಡ್ಡ ಶಾಲೆ ಬಸ್ಸು ಬೀದಿಗೆ ಬಂದ್ರೆ ಸಣ್ಣದು ತಾನೇ ಖಾಲಿ ಆಗತ್ತೆ. ಬಸ್ಸು ಬರದ ಊರಿನ, ಕೂಲಿಗೆ ಹೋಗೋ ಮನೆಯ ಮಕ್ಕಳು ಕೊನೆಗೆ ಅಲ್ಲಿ ಉಳಿಯೋದು. ಒಂದರಿಂದ ಐದಕ್ಕೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರ್ಬೇಕು ಅನ್ನೋ ನಿಯಮ ಬರೆದಿದ್ದು ಆ ಮಕ್ಕಳಿಗೋಸ್ಕರ, ಆರು ವರ್ಷದ ಹುಡುಗಿ ಒಬ್ಬಳೇ ನಡೆದು ಹೋಗೋ ದೂರ ಅದು.

ನಾವು ಜೂನಲ್ಲಿ ಮಗಳನ್ನ ಊರ ಶಾಲೆಗೇ ಸೇರಿಸಿದ್ವಿ. ನಾನು ಎಸ್‌ಡಿಎಂಸಿಗೂ ನಿಂತು ಬಂದೆ, 2001ರಲ್ಲಿ ಶುರುವಾದ ಈ ಸಮಿತಿಗೆ ಕಾಯ್ದೆ ಪ್ರಕಾರ ಮುಕ್ಕಾಲು ಪಾಲು ಪೋಷಕರೇ ಇರ್ಬೇಕು, ಅರ್ಧ ಹೆಂಗಸರು, ಆದ್ರೆ ಮೀಟಿಂಗಿಗೆ ಬರೋದು ಮೂರೋ ನಾಲ್ಕೋ ಜನ. ಎಲ್ಲ ಚೆನ್ನಾಗಿದೆ ಅಂತ ಹೇಳಲ್ಲ. ನವೆಂಬರಲ್ಲಿ ಹನ್ನೊಂದು ದಿನ ಮೇಡಂ ಒಬ್ರೇ ಐದೂ ಕ್ಲಾಸು ನೋಡ್ಕೊಂಡ್ರು, ಆ ಹನ್ನೊಂದು ದಿನ ಮಗಳು ಮನೆಗೆ ಬಂದು ಬಣ್ಣ ಹಚ್ಚಿದ ಹಾಳೆಗಳನ್ನ ತೋರಿಸಿದ್ಲು, ಬೇರೇನಿಲ್ಲ. ಅವಾಗ ನಾನೂ ವ್ಯಾನಿನ ನಂಬರ್ ಫೋನಲ್ಲಿ ಹುಡುಕಿದ್ದೆ, ಸುಳ್ಳು ಯಾಕೆ ಹೇಳ್ಲಿ.

ಸೆಪ್ಟೆಂಬರ್ 30ರ ಲೆಕ್ಕಕ್ಕೆ ಶಾಲೇಲಿ 58 ಮಕ್ಕಳು. ಈ ಮಾರ್ಚಿಗೆ ಐದನೇ ಕ್ಲಾಸಿಂದ ಹದಿಮೂರು ಜನ ಹೊರಗೆ ಹೋಗ್ತಾರೆ, ಅಂದ್ರೆ ಜೂನ್‌ಗೆ ಹದಿನಾರು ಮಕ್ಕಳು ಬಂದ್ರೆ ಮೂರನೇ ಟೀಚರ್ ಕೇಳೋ ಹಕ್ಕು ಬರತ್ತೆ. ಊರಲ್ಲಿ ಆ ವಯಸ್ಸಿನ ಮಕ್ಕಳು ಎಷ್ಟಿದ್ದಾರೆ ಅಂತ ಅಂಗನವಾಡಿ ಟೀಚರ್ ಪಟ್ಟಿ ನೋಡಿದ್ವಿ, ಹತ್ತೊಂಬತ್ತು, ಅದರಲ್ಲಿ ಎಂಟು ಈಗಾಗಲೇ ವ್ಯಾನಲ್ಲಿ. ಆ ಎಂಟರಲ್ಲಿ ಒಬ್ಬನ ಅಮ್ಮ ಮೊನ್ನೆ ಡೇರಿ ಹತ್ರ ಹಾಲು ಹಾಕೋಕೆ ನಿಂತಾಗ ಕೇಳಿದ್ರು, ನಿಮ್ಮ ಮಗಳು ಓದ್ತಾಳಾ ಅಂತ. ಪದ ಓದ್ತಾಳೆ, ಒತ್ತಕ್ಷರ ಇನ್ನೂ ಬಂದಿಲ್ಲ ಅಂದೆ. ಸಂಜೆ ಮನೆಗೆ ಬಂದು ಕೇಳಿ ನೋಡ್ಲಾ ಅಂದ್ರು. ಬನ್ನಿ, ನಿಮ್ಮ ಮಗನ್ನೂ ಕರ್ಕೊಂಡು ಬನ್ನಿ ಅಂದೆ.